ಬೀಗದವನ ರಸೀದಿ

ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ನಂದು
ಮೂರಡಿ ಜಾಗ, ಒಂದು ಛತ್ರಿ, ಒಂದು ಅರ,
ತಂತಿಗೆ ಪೋಣಿಸಿದ ಇನ್ನೂರು ಕೀಲಿಕೈ,
ಯಾವುದಕ್ಕೂ ಬಾಗಿಲಿಲ್ಲ.

ಹೋದ ವರ್ಷ, ಯುಗಾದಿ ಕಳೆದ ಸೋಮವಾರ,
ಹೊನ್ನಗಿರಿ ಫೈನಾನ್ಸಿನ ಶಟರಿಗೆ ಸೀಲು ಹಾಕಲು
ಅಧಿಕಾರಿಗಳು ಕರೆದರು. ಹೋದೆ.
ಅರಗು ಕರಗಿಸಲು ಬೆಂಕಿಪೊಟ್ಟಣವೂ ನನ್ನದೇ.
ಒಳಗಿದೆ ಅಂದುಕೊಂಡಿದ್ದ ನನ್ನ ನಲವತ್ತೆರಡು ಸಾವಿರಕ್ಕೆ
ನಾನೇ ಬೀಗ ಒತ್ತಿದೆ. ಟಕ್ ಎಂದಿತು.
ಕೂಲಿ ಇನ್ನೂರು ಕೊಟ್ಟರು, ಸಹಿ ಹಾಕಿಸಿಕೊಂಡು.

ಆಮೇಲೆ ಜನ ಹಿಡಿದದ್ದು ಯಾರನ್ನು?
ಪಿಗ್ಮಿ ಕಟ್ಟಿಸಿಕೊಳ್ಳುತ್ತಿದ್ದ ಸುಲೋಚನಳನ್ನು.
ಸ್ಕೂಟಿಯ ಗಾಳಿ ತೆಗೆದರು.
ಸೊಪ್ಪಿನ ಗಿಡ್ಡಮ್ಮ ರಟ್ಟೆ ಹಿಡಿದು ಕೇಳಿದಳು:
"ದಿನಾ ಮೂವತ್ತು ಎಣಿಸಿಕೊಂಡ ಕೈ ಇದೇ ಅಲ್ವಾ?"
ಸುಲೋಚನ ತನ್ನದೇ ಪಾಸ್‌ಬುಕ್ಕು ತೆಗೆದು ತೋರಿಸಿದಳು.
ಈಗಲೂ ಬಜಾರಿಗೆ ಬಂದರೆ
ಹಿಂದಿನ ಗಲ್ಲಿಯಿಂದ, ಮುಖಕ್ಕೆ ದುಪಟ್ಟಾ ಸುತ್ತಿ.
ಅಧ್ಯಕ್ಷರು ಮಾತ್ರ ಮುಂಬಾಗಿಲಿಂದಲೇ ಆಸ್ಪತ್ರೆ ಸೇರಿದರು;
ಎದೆನೋವಂತೆ.

ಬಿದ್ದವರಿಗೆ ಆಳಿಗೊಂದು ಕಲ್ಲು ಅನ್ನುತ್ತಿದ್ದಳು ಅಜ್ಜಿ.
ದೊಡ್ಡವರು ಬಿದ್ದರೆ ಆಳಿಗೊಂದು ನೋಟು
ಅನ್ನುವುದು ಅವಳಿಗೆ ಗೊತ್ತಿರಲಿಲ್ಲ.
ಟೀವಿಯಲ್ಲಿ ಮಂತ್ರಿ ಹೇಳಿದರು: ಸಾವಿರದ ನೂರು ಕೋಟಿ,
ಸಾರ್ವಜನಿಕ ಹಿತಕ್ಕಾಗಿ.
ಹಾಲಿನ ಬೂತಿನೆದುರು ನಿಂತು ನೋಡುತ್ತಿದ್ದ ಸಾರ್ವಜನಿಕರು
ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
"ಸಕ್ರೆಬೈಲಿನ ಆನೆ ಗುಂಡಿಗೆ ಬಿದ್ರೆ ಜೆಸಿಬಿ ಬರುತ್ತೆ,
ಮೇಕೆ ಬಿದ್ರೆ ಮೇಕೆಯವನೇ ಇಳೀಬೇಕು"
ಅಂದ ಸೈಕಲ್ ಶಾಪಿನ ಪಾಸ್ಕಲ್.
ಆನೆಯಾದರೂ, ಅಂದೆ,
ಗುಂಡಿ ತಾನೇ ತೋಡಿಕೊಂಡಿರಲ್ಲ ಮಾರಾಯ.

ಅದೇ ವಾರ ಗಿಡ್ಡಮ್ಮನ ತಕ್ಕಡಿ ಎತ್ತಿಕೊಂಡು ಹೋದರು,
ನೆಲಬಾಡಿಗೆ ಬಾಕಿ, ಆರುನೂರು.
ಅವಳ ಹಿತ ಸಾರ್ವಜನಿಕವಲ್ಲ.

ಮೊನ್ನೆ ಮತ್ತೆ ಕರೆ ಬಂತು.
ಅದೇ ಶಟರು, ಹೊಸ ಬೋರ್ಡು, ಹೊಸ ಹೆಸರು;
ಕುರ್ಚಿಯ ಮೇಲೆ ಗುಣವಾದ ಎದೆ.
ಸೀಲು ಒಡೆದೆ. ಒಳಗೆ
ನಿಂತ ಗಡಿಯಾರ, ಹಲ್ಲಿಮೊಟ್ಟೆ, ಹಳೇ ಟೋಕನ್ನುಗಳು.
"ನಮ್ಮ ಠೇವಣಿ ಯಾವಾಗ ಸ್ವಾಮಿ?"
"ಹಂತ ಹಂತವಾಗಿ" ಅಂದರು,
ನನ್ನ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರು ಹುಡುಕುತ್ತಾ.

ಎಂಥ ಲಿವರೂ ಬಗ್ಗುತ್ತದೆ ಈ ಕೈಗೆ.
ಆ ಬಾಗಿಲಿಗೊಂದು ನಕಲಿ ಮಾಡಿಕೊಳ್ಳಲು ಐದು ನಿಮಿಷ ಸಾಕು.
ಬೀಗ ಒಡೆಯದೆ ಹೋದ ದುಡ್ಡಿಗೆ
ಯಾವ ಕೀಲಿ ಕೊರೆಯಲಿ?

ಸಂಜೆ ಸುಲೋಚನ ಬಂದಳು, ಸ್ಕೂಟಿ ತಳ್ಳಿಕೊಂಡು;
ಕೀಲಿ ಎಲ್ಲೋ ಬಿದ್ದುಹೋಯಿತಂತೆ.
ಕಾಸು ಬೇಡ ಅಂದೆ.
ಕೇಳಲಿಲ್ಲ, ಎಣಿಸಿ ಅರವತ್ತು ಕೊಟ್ಟು
ಅಭ್ಯಾಸಬಲದಿಂದ
ನನಗೊಂದು ರಸೀದಿ ಹರಿಯಲು
ಬ್ಯಾಗಿಗೆ ಕೈ ಹಾಕಿದಳು.