ಒಂದು ಕಡ್ಲೆಕಾಯಿಯಷ್ಟು ಹೊತ್ತು

ಚಕ್ರ ಒಂದು ಸುತ್ತು ತಿರುಗಿದರೆ ನಾಲ್ಕು ಉಸಿರು.
ಇದು ಲೆಕ್ಕ, ಇದರಲ್ಲಿ ಚೌಕಾಸಿ ಇಲ್ಲ.
ಅಚ್ಚಿಗೆ ನಾಲ್ಕು ಅಯಸ್ಕಾಂತದ ಚೂರು ಅಂಟಿಸಿದ್ದೇನೆ,
ಒಂದೊಂದು ಹಾಯುವಾಗಲೂ ಸ್ಪೀಕರು ‘ಛಫ್’ ಅನ್ನಬೇಕು,
ಅದೇ ಗಳಿಗೆಗೆ ಹೊಗೆಕೊಳವೆ
ಒಂದು ಉಂಡೆ ಬಿಳುಪು ಉಗುಳಬೇಕು.

ಉಗುಳುವುದಿಲ್ಲ.

ಸದ್ದು ತಂತಿಯೊಳಗೆ ಓಡಿಬರುವ ಹುಡುಗ.
ಹಬೆಯದು ಮಾವನ ಮನೆಯ ನಡಿಗೆ:
ಸುರುಳಿ ಕೆಂಪಾಗಬೇಕು, ಗ್ಲಿಸರಿನ್ ಕಾಯಬೇಕು,
ಹೆಬ್ಬೆರಳಗಲದ ಫ್ಯಾನು ಹಿಂದಿನಿಂದ ನೂಕಬೇಕು.
ಅಷ್ಟರಲ್ಲಿ ಸದ್ದು ಬಂದು, ಕೂತು, ಎದ್ದುಹೋಗಿರುತ್ತದೆ.

ಚಿಂತಾಮಣಿ ಬಸ್‌ಸ್ಟಾಂಡಿನ ಹಿಂದೆ ನನ್ನ ಅಂಗಡಿ,
ಮಿಕ್ಸಿ, ಗ್ರೈಂಡರು, ಪಂಪುಸೆಟ್ಟಿನ ಸ್ಟಾರ್ಟರು.
ರಾತ್ರಿ ಷಟರು ಅರ್ಧ ಇಳಿಸಿದ ಮೇಲೆ ಈ ಇಂಜಿನ್ನು,
ಕೋಲಾರದ ಕಡೆಯಿಂದ ತೆವಳಿ ಬರುತ್ತಿದ್ದ
ಸಣ್ಣ ಹಳಿಯ ರೈಲಿನ ಪಡಿಯಚ್ಚು.
ಹಳಿ ಅಗಲವಾಗಿ ಎಷ್ಟೋ ಕಾಲವಾಯಿತು,
ಹಳೆಯದರ ಸದ್ದನ್ನು ಯಾರೂ ಎತ್ತಿಟ್ಟಿರಲಿಲ್ಲ.
ನಾನೇ ಕಟ್ಟಿದೆ: ಸೈಕಲ್ ಪಂಪಿನ ದಮ್ಮು,
ತಗಡಿನ ಮೇಲೆ ಉಪ್ಪುಕಾಗದ,
ಅಡಿಯಲ್ಲಿ, ಮೊರದಲ್ಲಿ ಕೇರಿದ ಅವರೆಕಾಳು.

ಮಾಡಿಸಿದವನು ಕೈವಾರದ ರಸ್ತೆಯ ಛತ್ರದ ಚಲಪತಿ.
ಬಾಗಿಲಲ್ಲಿ ಗಾಜಿನ ಪೆಟ್ಟಿಗೆ, ಮಕ್ಕಳು ನೋಡಲಿ ಅಂತ.
‘ಗುರೂ, ಎರಡೂ ಟಕ್ ಅಂತ ಒಟ್ಟಿಗೆ ಬರ್ಬೇಕು.’

ಹನ್ನೊಂದು ರಾತ್ರಿ.
ಕೊನೆಗೆ ಹಬೆಯನ್ನು ಅವಸರಿಸುವುದು ಬಿಟ್ಟೆ,
ಸದ್ದನ್ನೇ ಹಿಡಿದು ನಿಲ್ಲಿಸಿದೆ,
ಸೆಕೆಂಡಿನ ಮೂರನೇ ಒಂದು ಪಾಲು, ಬಾಗಿಲ ಹೊರಗೆ.
ಕೂಡಿತು.
ಛಫ್ ಎಂದರೆ ಬಿಳುಪು, ಬಿಳುಪು ಎಂದರೆ ಛಫ್.
ಯಾರಿಗಾದರೂ ತೋರಿಸದಿದ್ದರೆ ಎದೆ ಒಡೆಯುತ್ತಿತ್ತು.

ಸಿಕ್ಕವಳು ಗಂಗುಲಮ್ಮ,
ಬ್ಲೇಡು ಹಿಡಿದುಕೊಂಡ ಮಿಕ್ಸಿ ಜಾರು ತಂದವಳು,
ಗೇಟು ಕಾಯುತ್ತಿದ್ದ ದ್ಯಾವಪ್ಪನ ಮಗಳು.
ಸೆರಗಿನ ಗಂಟಿನಲ್ಲಿ ಹಸಿ ಕಡ್ಲೆಕಾಯಿ.
ನೋಡಿದಳು. ಇನ್ನೊಂದು ಸುತ್ತು ಬಿಡು ಅಂದಳು. ನೋಡಿದಳು.

‘ಚೆನ್ನಾಗದೆ ಕಣಪ್ಪ. ಆದ್ರೆ ಅದು ಇಂಗೆ ಬರ್ತಿರ್ಲಿಲ್ಲ.
ಮೊದ್ಲು ಹೊಗೆ.
ಟೇಷನ್ ಬಿಡ್ತಲೂ ಹುಣಸೇಮರದ ಮೇಲ್ಗಡೆ
ಬೆಳ್ಳಗೆ ಏಳೋದು, ಸದ್ದೇ ಇಲ್ದಂಗೆ.
ಒಂದು ಕಡ್ಲೆಕಾಯಿ ಬಿಡ್ಸಿ ಬಾಯಿಗಾಕ್ಕೊಂಡ್ರೆ,
ಆವಾಗ ಛಫ್.
ನಮ್ಮಪ್ಪ ಹೊಗೆಗೆ ಏಳೋನು, ಸದ್ದಿಗೆ ಗೇಟು ಆಕೋನು.
ಮಧ್ಯದ್ದು ನಂದು.’

ನಾನು ವಾದ ಮಾಡಿದೆ. ಅದು ದೂರದ ಲೆಕ್ಕ,
ಡ್ರೈವರನ ಕಿವಿಗೆ ಎರಡೂ ಒಂದೇ ಅಂದೆ.
‘ನಾನು ಡ್ರೈವರನ ಮಗಳಾ?’ ಅಂದಳು.

ಸರಿ ಅಂತ ಸ್ಕ್ರೂಡ್ರೈವರು ಎತ್ತಿಕೊಂಡೆ.
ಅವಳು ಬೆಂಚಿನ ಮೇಲೆ ಕಡ್ಲೆಕಾಯಿ ಬಿಡಿಸುತ್ತಾ ಹೋದಳು,
ನಾನು ತಿರುಪು ತಿರುಗಿಸುತ್ತಾ ಹೋದೆ.
ಇಷ್ಟಾ? ಇನ್ನೂ.
ಇಷ್ಟಾ? ಸಿಪ್ಪೆ ಗಟ್ಟಿ ಇತ್ತು, ಇದು ಲೆಕ್ಕಕ್ಕಿಲ್ಲ.
ಇಷ್ಟಾ?
ಬಿಳುಪು ಎದ್ದಿತು, ಮೂಕವಾಗಿ.
ಅವಳ ಉಗುರು, ಸಿಪ್ಪೆಯ ಚಟ್, ಕಾಳು ನಾಲಿಗೆಗೆ.
ಎರಡನೆಯ ಉಂಡೆ ಏಳುತ್ತಿದ್ದಾಗ
ಮೊದಲನೆಯದರ ಸದ್ದು ಬಂದು ಮುಟ್ಟಿತು.

ಆವಾಗ ಆಯಿತು ನೋಡಿ.
ನನ್ನ ಮೊಣಕೈ ಪಕ್ಕದಲ್ಲಿದ್ದ ಇಂಜಿನ್ನು
ಇದ್ದಕ್ಕಿದ್ದಂತೆ ಅರ್ಧ ಮೈಲಿ ಆಚೆ ಹೋಯಿತು.
ಇಷ್ಟು ದಿನ ಆಟಿಕೆ ಎಂದು ಚಿಕ್ಕದಾಗಿತ್ತು,
ಈಗ ದೂರ ಎಂದು ಚಿಕ್ಕದು.
ಹೊಲ ದಾಟಿ, ಹುಣಸೆ ದಾಟಿ,
ಅಂಬಾಜಿದುರ್ಗದ ಬಂಡೆಗೆ ಬೆನ್ನು ಕೊಟ್ಟು
ನಿಜವಾದ ತೂಕದ ಒಂದು ರೈಲು.

ಗಂಗುಲಮ್ಮ ಎದ್ದು ನಿಂತಿದ್ದಳು.
ಬಲಗೈ ಇಲ್ಲದ ಗೇಟಿನ ಹಿಡಿ ಹುಡುಕುತ್ತಿತ್ತು.

ಗುರುವಾರ ಚಲಪತಿ ಬಂದ. ಅಷ್ಟರೊಳಗೆ
ಹಿಂದಕ್ಕೆ ತಿರುಗಿಸಿಟ್ಟಿದ್ದೆ. ಎರಡೂ ಟಕ್ ಅಂತ ಒಟ್ಟಿಗೆ.
ಬಾಕಿ ಎಣಿಸಿ ಕೊಟ್ಟ.
ಬ್ಯಾಟರಿ ಮುಚ್ಚಳದ ಪಕ್ಕ ಒಂದು ತಿರುಪಿದೆ,
ಯಾತಕ್ಕೆಂದು ಅವನು ಕೇಳಲಿಲ್ಲ.

ಜಾರಿಗೆ ಹೊಸ ಬ್ಲೇಡು ಹಾಕಿದ್ದೇನೆ.
ಅವಳಿನ್ನೂ ಬಂದಿಲ್ಲ. ಬೆಂಚಿನ ಮೇಲೆ ಸಿಪ್ಪೆ ಹಾಗೇ ಇದೆ.