ಅಂಚು

ಎಲಿಸೋ ಕುಣಿಯುವಾಗ ಅವಳ ಪಾದ ಕಂಡವಳು
ಈ ಊರಿನಲ್ಲಿ ನಾನೊಬ್ಬಳೇ.
ಕುತಾಯಿಸಿಯ ರಂಗಮಂದಿರದ ಹಿಂದಿನ ಕೋಣೆ,
ಬಾಯಿತುಂಬ ಗುಂಡುಸೂಜಿ,
ಮೂವತ್ತೊಂದು ವರ್ಷದಿಂದ ಮಂಡಿಯೂರಿ ಕೂತಿದ್ದೇನೆ,
ಲಂಗದ ಅಂಚು ಮಡಿಸುತ್ತ.

ನಮ್ಮ ಹೆಂಗಸರ ನಾಟ್ಯ ನೀವೂ ನೋಡಿರಬಹುದು:
ನೆಲದವರೆಗೆ ಇಳಿದ ಬಿಳಿ ನಿಲುವಂಗಿ,
ಅಲುಗದ ಭುಜ, ಅಲುಗದ ಕತ್ತು,
ಯಾರೋ ದಾರ ಕಟ್ಟಿ ಎಳೆದ ಹಾಗೆ ತೇಲುತ್ತಾರೆ.
ಆಟ ಮುಗಿದ ಮೇಲೆ ಒಬ್ಬ ಹುಡುಗ ಒಳಗೆ ನುಸುಳಿ
ನನ್ನ ಮೇಜಿನ ಕೆಳಗೆಲ್ಲ ತಡಕಿದ್ದ.
ಏನೋ? ಅಂದರೆ,
ಚಕ್ರ ಎಲ್ಲಿ? ಅಂದ.

ಚಕ್ರ ಇಲ್ಲ ಮಗು.
ಅರ್ಧ ಬಗ್ಗಿದ ಮಂಡಿ ಇದೆ,
ಕಲ್ಲಾದ ಮೀನಖಂಡ ಇದೆ,
ಅಂಗೈ ಅಗಲದ ಹೆಜ್ಜೆ,
ರಂಗದ ಈ ತುದಿಯಿಂದ ಆ ತುದಿಗೆ ನೂರನಲವತ್ತು.
ಒಂದು ದೊಡ್ಡದಾದರೂ ಸಾಕು,
ತೇಲುವವಳು ಬರೀ ನಡೆಯುವವಳಾಗುತ್ತಾಳೆ.

ಹನ್ನೊಂದು ವರ್ಷದ ಎಲಿಸೋಳ ತಲೆಯ ಮೇಲೆ
ಜುಂಬೆರ್ ಮಾಸ್ತರು ಉಪ್ಪಿನ ಬಟ್ಟಲು ಇಟ್ಟರು.
ನೀರಲ್ಲ. ನೀರು ಚೆಲ್ಲಿದರೆ ಒಣಗಿಹೋಗುತ್ತದೆ.
ಉಪ್ಪನ್ನು ಅವಳೇ ಆರಿಸಬೇಕು, ಹರಳು ಹರಳಾಗಿ.
ಆ ಚಳಿಗಾಲ ಪೂರ್ತಿ ಅವಳು
ಕುಣಿದದ್ದಕ್ಕಿಂತ ನೆಲ ಹೆಕ್ಕಿದ್ದೇ ಹೆಚ್ಚು.
ಬೆರಳ ಬಿರುಕಿಗೆ ಉಪ್ಪು ಇಳಿದು ಉರಿಯುತ್ತಿತ್ತು.
ನನ್ನ ಹತ್ತಿರ ಬಂದು ಎಣ್ಣೆ ಕೇಳುತ್ತಿದ್ದಳು,
ಅಳು ಬಂದಿಲ್ಲ ಎಂಬಂತೆ ಮೂಗು ಏರಿಸುತ್ತ.

ಅಳತೆಯದ್ದೂ ಒಂದು ಕಥೆ.
ನಿಂತ ಎತ್ತರಕ್ಕೆ ಹೊಲಿದರೆ ಕೆಟ್ಟಿತು.
ಕುಣಿಯುವ ಎತ್ತರವೇ ಬೇರೆ, ಮೂರು ಬೆರಳು ಕಡಿಮೆ.
ಬಗ್ಗಿಯೇ ನಿಲ್ಲು, ಅನ್ನುತ್ತೇನೆ.
ಸುತ್ತ ಸೂಜಿ ಚುಚ್ಚಿ ಮುಗಿಸುವ ಅರ್ಧ ಗಂಟೆ
ಬಗ್ಗಿಯೇ ನಿಲ್ಲುತ್ತಾಳೆ. ಮುಖದಲ್ಲಿ ಏನೂ ಇಲ್ಲ.
ತೊಡೆಯ ನಡುಕ ಮಾತ್ರ ಬಟ್ಟೆಗಿಳಿದು
ನನ್ನ ಬೆರಳಿಗೆ ತಲುಪುತ್ತದೆ.
ಅಂಚು ಒಂದು ನೂಲು ಇಳಿದರೆ ಮುಗ್ಗರಿಸುತ್ತಾಳೆ,
ಒಂದು ನೂಲು ಏರಿದರೆ ಗುಟ್ಟು ರಟ್ಟು.

ಈ ಮಾರ್ಚಿನಲ್ಲಿ ಒಗೆಯಲು ತೆಗೆದ ಅಂಗಿಯ ಅಂಚು
ಎಡಗಡೆ ಮಾತ್ರ ಕಪ್ಪಾಗಿತ್ತು.
ಎಡಕ್ಕೆ ವಾಲುತ್ತಾಳೆ ಅಂದರೆ
ಬಲಗಾಲನ್ನು ಕಾಯುತ್ತಿದ್ದಾಳೆ.

ಯಾವಾಗಿಂದ? ಅಂದೆ.
ಸೂಜಿಗಳ ನಡುವೆ ಮಾತು ಅರ್ಧ ನುಂಗಿಹೋಯಿತು.
ಅವಳು ಕನ್ನಡಿಯಲ್ಲೇ ಉತ್ತರಿಸಿದಳು:
ಹೊಸ ವರ್ಷದಿಂದ.
ಮಾಸ್ತರಿಗೆ ಹೇಳಬೇಡ ದಾರೇಜಾನ್. ಮೇ ಕಳೆಯಲಿ.

ಹತ್ತೊಂಬತ್ತರ ತಾಮುನಾ ಕಾದಿದ್ದಾಳೆ, ಗೊತ್ತು.
ಅವಳ ಅಳತೆಯೂ ನನ್ನ ಚೀಟಿಯಲ್ಲಿದೆ.

ಹೇಳಬೇಕಿತ್ತೋ ಏನೋ.
ದೀಪ ಹಚ್ಚಿಕೊಂಡು ಎಡಗಡೆಯ ಅಂಚು ಬಿಚ್ಚಿದೆ.
ಅರ್ಧ ಬೆರಳು ಮೇಲೆತ್ತಿ, ಬೆನ್ನ ಕಡೆಗೆ
ಸವರಿದಂತೆ ಇಳಿಸಿ,
ಕಣ್ಣಿಗೆ ಬೀಳದ ಹೊಲಿಗೆ ಹಾಕಿದೆ.
ಮೇಜಿನ ಮೇಲೆ ಹರಡಿದರೆ ಸೊಟ್ಟ,
ಅವಳ ಮೈಮೇಲೆ ಮಾತ್ರ ನೆಟ್ಟಗೆ.
ಏಳುವಾಗ ನನ್ನ ಮಂಡಿಯೂ ಲಟಕ್ಕೆಂದಿತು.

ನಿನ್ನೆ ಪರದೆಯ ಸಂದಿಯಲ್ಲಿ ನಿಂತೆ.
ಎಲ್ಲರೂ ಅವಳ ಮುಖ ನೋಡುತ್ತಿದ್ದರು.
ನಾನು ಬಟ್ಟೆಗೂ ನೆಲಕ್ಕೂ ನಡುವಿನ
ಕತ್ತಲೆಯ ಗೆರೆ ನೋಡುತ್ತಿದ್ದೆ.
ಸಮವಾಗಿತ್ತು.
ತಿರುವಿನಲ್ಲೂ ಸಮವಾಗಿತ್ತು.
ಸಭೆಗೆ ಸಭೆಯೇ ಉಸಿರು ಬಿಟ್ಟಿತು.

ನಗುತ್ತಲೇ ಒಳಗೆ ಬಂದಳು.
ಪರದೆ ದಾಟಿದ್ದೇ ತಡ, ನನ್ನ ಹೆಗಲು ಹಿಡಿದಳು,
ಪೂರ್ತಿ ಭಾರ ಬಿಟ್ಟು.
ಎಷ್ಟು ಭಾರ, ಆ ಹಗುರದವಳು!
ಹೊರಗೆ ಚಪ್ಪಾಳೆ ನಿಲ್ಲಲಿಲ್ಲ.
ಮತ್ತೊಮ್ಮೆ ಕರೀತಿದ್ದಾರೆ, ಯಾರೋ ಕೂಗಿದರು.

ಅಂಚು ಕೊಡವಿ ಸರಿಮಾಡಿದೆ.
ಅವಳು ಮಂಡಿ ಬಗ್ಗಿಸಿದಳು, ಮೂರು ಬೆರಳು ಕುಗ್ಗಿದಳು,
ಹೋದಳು,
ಬಲಗಾಲನ್ನೇ ಮುಂದಿಟ್ಟು.