ಎಂಜಲಿನ ಲೆಕ್ಕ

ರಿಜಿಸ್ಟರಿನಲ್ಲಿ ಅದಕ್ಕೆ ಮಾದರಿ ಅಂತ ಹೆಸರು.
ಅರಸೀಕೆರೆ ಆಸ್ಪತ್ರೆಯ ಹಿಂಬದಿ, ತಗಡಿನ ನೆರಳಲ್ಲಿ
ಸಾಲು ನಿಂತವರ ಬಾಯಲ್ಲಿ ಮಾತ್ರ
ಗೊಣ್ಣೆ, ಕಫ, ಜೊಲ್ಲು, ಉಗುಳು, ಎಂಜಲು.
ಮೈಯಿಂದ ಹೊರಬಿದ್ದದ್ದಕ್ಕೆ
ಎಷ್ಟೊಂದು ಹೆಸರಿಟ್ಟಿದೆ ನಮ್ಮ ಮಾತು,
ಒಂದನ್ನೂ ಮರ್ಯಾದೆಯಿಂದ ಇಟ್ಟಿಲ್ಲ.

ಈ ಚಳಿಗೆ ಹಾಸನದಿಂದ ಹೊಸ ಹುಕುಂ:
ಕೆಮ್ಮಿ ಬಂದವರಿಂದ ಮೂರು ಮೂರು.
ಮೂಗಿನ ಆಳದ್ದು ಒಂದು, ಗಂಟಲಿನದು ಒಂದು,
ಸುಮ್ಮನೆ ಡಬ್ಬಿಗೆ ಉಗಿದದ್ದು ಒಂದು.
ಯಾವುದು ನಿಜ ಹೇಳುತ್ತೆ ನೋಡಬೇಕಂತೆ.

ಮೂಗಿನ ಕಡ್ಡಿ ನನ್ನ ಕೈಗೆ ಪಳಗಿದ್ದು.
ಮೇಲಕ್ಕಲ್ಲ, ಕಿವಿಯ ದಿಕ್ಕಿಗೆ ನೆಟ್ಟಗೆ,
ತಡೆದಲ್ಲಿ ನಿಂತು, ಹತ್ತು ಎಣಿಸುತ್ತ ತಿರುಗಿಸಿ.
ಕೊಬ್ಬರಿ ಮಂಡಿಯ ಹಮಾಲಿ ಜವರಯ್ಯ,
ಮೂಟೆಯ ಮೇಲೆ ಮೂಟೆ ಹೊರುವ ಆಳು,
ಎರಡೂ ಕಣ್ಣಲ್ಲಿ ನೀರು ಸುರಿಸಿ
'ಮೆದುಳು ಮುಟ್ಟಿಬಿಟ್ಟೆ ಕಣಮ್ಮ' ಅಂದ.
ಇಲ್ಲ ಜವರಯ್ಯ, ಮೆದುಳು ಇನ್ನೂ ದೂರ ಇದೆ.

ಗಂಟಲಿನ ಕಡ್ಡಿಗೆ ಅಷ್ಟು ಪುರುಸೊತ್ತಿಲ್ಲ,
ಓಕರಿಕೆಗೆ ಮೊದಲೇ ಮುಟ್ಟಿ ಬರಬೇಕು,
ಹೊಸ್ತಿಲಲ್ಲೇ ಮಾತಾಡಿಸಿ ಹೊರಟ ನೆಂಟರ ಹಾಗೆ.
ಒಳಗೇನಿತ್ತೋ ಅದಕ್ಕೆ ಗೊತ್ತಿಲ್ಲ.

ಮೂರನೆಯದು ಬರೀ ಉಗಿಯುವುದು. ಅದೇ ಕಷ್ಟ.
ಬಾಣಾವರದ ಸಿದ್ದಗಂಗಮ್ಮ ಡಬ್ಬಿ ಹಿಡಿದು ನಿಂತೇ ಇದ್ದಳು.
'ಎಂಜಲು ಕೊಡೋದೇ? ಇನ್ನೊಬ್ಬರ ಕೈಗೆ?
ಎಪ್ಪತ್ತು ವರ್ಷ ಯಾರಿಗೂ ಕೊಟ್ಟೋಳಲ್ಲ,
ಯಾರದ್ದೂ ಉಂಡೋಳಲ್ಲ.'
ಗೋಡೆ ಕಡೆ ತಿರುಗಿ ಸೆರಗು ಮುಚ್ಚಿಕೊಂಡು
ಕಡೆಗೂ ಒಂದು ಚಮಚೆಯಷ್ಟು ಕೊಟ್ಟಳು.
ಕೆಂಪಗಿತ್ತು. ಎಲೆಯಡಿಕೆ.

ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕೂತಿರಿ ಅಜ್ಜಿ, ಅಂದೆ.
ಕೂತಳು. ಕೂತವಳು
ನನ್ನ ಕೊರಳ ಕಾರ್ಡಿನ ಹೆಸರು ಓದಿಸಿಕೊಂಡಳು,
ಯಾವೂರು ಅಂದಳು,
ಊರಲ್ಲಿ ಯಾವ ಬೀದಿ ಅಂದಳು.
ಹೇಳಿದೆ.
ಎರಡನೇ ಡಬ್ಬಿ ಕೈಗೆ ಕೊಡಲಿಲ್ಲ,
ಮೇಜಿನ ಮೇಲಿಟ್ಟಳು.

ಪುಟ್ಟ ಅರ್ಷಿಯಾ, ಕಡ್ಡಿ ಕಂಡು ಕಿರುಚಿ
ಅಮ್ಮನ ಬುರ್ಖಾದೊಳಗೆ ಹೊಕ್ಕವಳು,
ಉಗಿ ಎಂದದ್ದೇ ಹೊರಗೆ ಬಂದಳು.
ಅಷ್ಟು ವರ್ಷದ ಬಾಳಿನಲ್ಲಿ ಮೊದಲ ಸಲ
ದೊಡ್ಡವರು ಉಗಿ ಅಂದಿದ್ದಾರೆ!
ಡಬ್ಬಿ ತುಂಬಿದರೂ ನಿಲ್ಲಿಸಲಿಲ್ಲ.

ಸಂಜೆ ಐಸಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು
ಇಲಾಖೆಯ ಜೀಪಿನಲ್ಲಿ ಹೊರಟೆ.
ಹಾರನಹಳ್ಳಿ ದಾಟಿತು, ದುದ್ದ ಬಂತು,
ಪ್ರತಿ ಉಬ್ಬಿಗೂ ಒಳಗೆ ಅವರೆಲ್ಲ
ಒಬ್ಬರಿಗೊಬ್ಬರು ತಾಗುತ್ತಿದ್ದರು,
ಬೀದಿಯಿಲ್ಲದೆ, ಬರೀ ನಂಬರು ಅಂಟಿಸಿಕೊಂಡು.

ಹಾಸನದ ಯಂತ್ರ ರಾತ್ರಿಯೆಲ್ಲ ಸುತ್ತು ಹಾಕಿತು.
ಬೇಗ ಕಂಡರೆ ಹೆಚ್ಚಿದೆ, ತಡವಾದಷ್ಟೂ ಕಮ್ಮಿ.
ಜವರಯ್ಯನ ಮೂಗು ಇಪ್ಪತ್ತನೇ ಸುತ್ತಿಗೇ ಒಪ್ಪಿಕೊಂಡಿತು,
ಗಂಟಲು ಮೂವತ್ತನಾಲ್ಕಕ್ಕೆ ಗೊಣಗಿತು.
ಅರ್ಷಿಯಾಳ ಮೂಗಿಗೂ ಉಗುಳಿಗೂ ಎರಡೇ ಸುತ್ತಿನ ಫರಕು.
ಛೆ, ಆ ಮಗುವನ್ನು ಅಳಿಸದಿದ್ದರೂ ಆಗುತ್ತಿತ್ತು.
ಸಿದ್ದಗಂಗಮ್ಮನ ಮೂಗು ಇಲ್ಲ ಅಂದಿತು,
ಗಂಟಲೂ ಇಲ್ಲ ಅಂದಿತು.
ಹೌದು ಎಂದದ್ದು
ಮೇಜಿನ ಮೇಲಿಟ್ಟಿದ್ದು.

ಒಬ್ಬರಿಂದ ಏನೂ ಸಾಬೀತಾಗಲ್ಲ ಎಂದರು ಮೇಡಂ,
ಮುನ್ನೂರಾಗಲಿ, ಜ್ವರದ ಎಷ್ಟನೇ ದಿನ ಅಂತಲೂ ಬರಿ.
ಅದು ಮೂಗು ಬಿಟ್ಟು ಎದೆಗಿಳಿದಿದ್ದರೆ
ಎದೆಯ ಕಫವೇ ಬೇಕು, ಮೇಲೆ ತಡಕಿ ಸಿಗದು.
ಸರಿ, ಬರೆದುಕೊಂಡೆ.

ಬೆಳಿಗ್ಗೆ ಫೋನು ಮಾಡಿದೆ, ಮಾತ್ರೆಯ ವಿಷಯಕ್ಕೆ.
'ಯಾವುದರಾಗೆ ಸಿಕ್ತು?' ಅಂದಳು ಅಜ್ಜಿ.
ಹೇಳಿದೆ.
ಬಾಣಾವರದಲ್ಲಿ ಒಂದು ಗೂಡ್ಸ್ ಗಾಡಿ
ಪೂರ್ತಿ ಹಾಯುವಷ್ಟು ಹೊತ್ತು ಮಾತಿಲ್ಲ.
ಆಮೇಲೆ, ಮೆತ್ತಗೆ:
'ನೀನು ಮುಟ್ಟಿದ್ಯಲ್ಲ ಮಗಾ,
ನಿನಗೇನೂ ಆಗ್ಲಿಲ್ವಾ?'

ಕೈಗವಸು ಇತ್ತು ಅಜ್ಜಿ, ಅಂದೆ.